ತುಕ್ಕು ಹಿಡಿದ ನಟ್ಟು ಬಿಚ್ಚುವುದು ಹೇಗೆ?

ಕಳೆದ ವಾರ ನಮ್ಮ ಸೈಕಲ್ಲಿನ ಹಿಂದಿನ ಟೈರು ಹರಿಯಿತು. ಚಕ್ರ ಬಿಚ್ಚೋಣವೆಂದರೆ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು ಅವಸರದಲ್ಲಿ ಇಕ್ಕಳದಿಂದ ತಿರುಗಿಸಿ ಅದರ ಮೂಲೆಗಳನ್ನೆಲ್ಲ ಸವೆಸಿಬಿಟ್ಟೆ. ಬೆಳಿಗ್ಗೆ ಅಪ್ಪ ಹಾಲಿನ ಕ್ಯಾನು ಹೊತ್ತು ಡೈರಿಗೆ ನಡೆದೇ ಹೋದರು.

ಆಮೇಲೆ ಸೈಕಲ್ ಶಾಪಿನ ಮಾವ ಇನ್ನೊಂದು ಬದಿಯ ನಟ್ಟು ಬಿಚ್ಚಿ ತೋರಿಸಿದರು. ಕಬ್ಬಿಣ ತುಕ್ಕಾದರೆ ಉಬ್ಬುತ್ತೆ, ಅದಕ್ಕೇ ನಟ್ಟು ಬಿಗಿಯಾಗೋದು. ಮೊದಲು ತಂತಿ ಬ್ರಶ್ಶಿನಿಂದ ಉಜ್ಜಬೇಕು. ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಬೇಕು. ನಟ್ಟಿನ ಬದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಸರಿಯಾದ ನಂಬರಿನ ರಿಂಗ್ ಸ್ಪ್ಯಾನರ್ ಹಾಕಿ, ಮೊದಲು ಒಂಚೂರು ಬಿಗಿ ಮಾಡಿದರೆ ತುಕ್ಕು ಬಿರಿಯುತ್ತೆ. ಆಮೇಲೆ ಎಡಕ್ಕೆ ತಿರುಗಿಸಬೇಕು.

ನಾನು ಕೆಡಿಸಿದ ನಟ್ಟನ್ನು ಮಾತ್ರ ಚಾಣದಿಂದ ಸೀಳಿಯೇ ತೆಗೆದರು. ಗೆಳೆಯರೇ, ಬಲ ಹಾಕುವ ಮೊದಲು ಎಣ್ಣೆ ಹಾಕಿ!