ಗ್ರೆಗರಿಯ ಒಲವು

ಚಿತ್ರಪಟಗಳಲ್ಲಿ ನಿರಾಶನಾದ ಪ್ರಣಯಿಯ ಗತಿ ಸಾಮಾನ್ಯವಾಗಿ ಎರಡೇ ಬಗೆ: ಗಡ್ಡ ಬೆಳೆಸಿ ಹಾಳಾಗಬೇಕು, ಇಲ್ಲವೆ ಕಡೆಯ ದೃಶ್ಯದಲ್ಲಿ ಅವಳ ಮನಸ್ಸು ತಿರುಗಿ, ಓಡಿಬಂದು ಕೈಹಿಡಿಯಬೇಕು. ೧೯೮೧ರಲ್ಲಿ ಹೊರಬಂದ 'ಗ್ರೆಗರೀಸ್ ಗರ್ಲ್' ಎಂಬ ಸ್ಕಾಟ್ಲೆಂಡಿನ ಚಿತ್ರದಲ್ಲಿ ಇವೆರಡೂ ಇಲ್ಲ. ಮನೆಯಲ್ಲಿ ಪ್ರಾಯಕ್ಕೆ ಕಾಲಿಡುತ್ತಿರುವ ಹುಡುಗರಿರುವ ವಾಚಕರು ಇದನ್ನೊಮ್ಮೆ ನೋಡತಕ್ಕದ್ದು.

ಬರೆದು ನಿರ್ದೇಶಿಸಿದವನು ಬಿಲ್ ಫೋರ್ಸೈತ್. ಕಥೆ ನಡೆಯುವ ಕಂಬರ್ನಾಲ್ಡ್, ಗ್ಲಾಸ್ಗೋ ನಗರದ ಜನಸಂದಣಿಯನ್ನು ತಗ್ಗಿಸಲೆಂದು ೧೯೫೫ರಿಂದೀಚೆಗೆ ಬೆಳೆಸಿದ ಹೊಸ ಊರು. ಅಲ್ಲಿಯ ಪಾಠಶಾಲೆಯ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿದೆ. ಉಪಾಧ್ಯಾಯನು ಹೊಸ ಆಟಗಾರರನ್ನು ಪರೀಕ್ಷಿಸಲಾಗಿ, ಎಲ್ಲರನ್ನೂ ಮೀರಿಸಿದವಳು ಡಾರತಿ ಎಂಬ ಹುಡುಗಿ! ಗ್ರೆಗರಿಯ ಮುಂಚೂಣಿಯ ಸ್ಥಾನ ಅವಳದಾಗುತ್ತದೆ; ಅವನು ಗೋಲು ಕಾಯಲು ಹಿಂದೆ ಸರಿಯುತ್ತಾನೆ. ಸ್ಥಾನವನ್ನು ಕಸಿದವಳಿಗೇ ಮನಸ್ಸನ್ನೂ ಸೋಲುತ್ತಾನೆ. ಅವಳಿಗಾದರೋ ಚೆಂಡಿನ ಹೊರತು ಅನ್ಯ ಧ್ಯಾನವಿಲ್ಲ.

ನಟಿಸಿದವರಲ್ಲಿ ಅನೇಕರು ಗ್ಲಾಸ್ಗೋ ಯೂತ್ ಥಿಯೇಟರಿನ ಎಳೆಯರು. ಡಾರತಿಯಾದ ಡೀ ಹೆಪ್‌ಬರ್ನ್, ಪಾರ್ಟಿಕ್ ಥಿಸಲ್ ತಂಡದವರಲ್ಲಿ ಆಟ ಕಲಿತು ಬಂದವಳು. ಚೆಂಡಿನ ಮೇಲೆ ಅವಳ ಕಾಲು ನಿಜವಾಗಿಯೂ ಆಡುತ್ತದೆ.

ನಗೆಯ ಬಗೆಯೂ ವಿಚಿತ್ರ. ಪೆಂಗ್ವಿನ್ ಪಕ್ಷಿಯ ವೇಷ ತೊಟ್ಟ ಹುಡುಗನೊಬ್ಬ ಶಾಲೆಯ ಮೊಗಸಾಲೆಗಳಲ್ಲಿ ಅಲೆಯುತ್ತಿರುತ್ತಾನೆ. ಏಕೆಂದು ಚಿತ್ರ ಹೇಳುವುದೇ ಇಲ್ಲ. ಗ್ರೆಗರಿಯ ತಂದೆ ಮೋಟಾರು ನಡೆಸಲು ಕಲಿಸುವವನು. ಮಗನು ಆ ಕಾರಿಗೆ ಅಡ್ಡ ಬಂದಾಗಲೇ ತಂದೆಮಕ್ಕಳ ಭೇಟಿ! ಒಟ್ಟಿಗೆ ಉಪಾಹಾರ ಮಾಡುವ ಮಾತು ಅಲ್ಲಿಯೇ, ನಡುಬೀದಿಯಲ್ಲಿ. ನಕ್ಕುಬಿಡುತ್ತೇವೆ, ಬಳಿಕ ನಮ್ಮ ನಮ್ಮ ಮನೆಗಳ ನೆನಪಾಗಿ ಸ್ವಲ್ಪ ಸುಮ್ಮನಾಗುತ್ತೇವೆ. ಅಣ್ಣನ ಅವಸ್ಥೆಯನ್ನು ಅರಿತವಳು ಹತ್ತು ವರ್ಷದ ತಂಗಿ ಮ್ಯಾಡಲಿನ್ ಒಬ್ಬಳೇ. ಉಡುಪು, ನಡೆ, ಮಾತು, ಎಲ್ಲದರಲ್ಲಿಯೂ ಅವಳೇ ಗುರು.

ಕಡೆಗೊಮ್ಮೆ ಡಾರತಿ ಭೇಟಿಗೆ ಒಪ್ಪುತ್ತಾಳೆ. ಹೇಳಿದ ವೇಳೆಗೆ ಬರುವವಳು ಮಾತ್ರ ಅವಳ ಗೆಳತಿ. ಆಕೆ ಇವನನ್ನು ಮತ್ತೊಬ್ಬಳಿಗೆ ಒಪ್ಪಿಸುತ್ತಾಳೆ, ಅವಳು ಸೂಸನಳಿಗೆ. ಇವನನ್ನು ಬಹುದಿನದಿಂದ ಮೆಚ್ಚಿದ್ದವಳು ಈ ಸೂಸನ್. ಹುಡುಗಿಯರು ಕೂಡಿ ಹೂಡಿದ ಒಳಸಂಚು ಗ್ರೆಗರಿಗೆ ಅರ್ಥವಾಗುವ ಹೊತ್ತಿಗೆ ಸಂಜೆಯಾಗಿರುತ್ತದೆ.

ಒಲಿಯದವಳನ್ನು ಕಠಿಣಹೃದಯಳೆಂದು ದೂರುವುದು ಕಥೆಗಾರರ ಹಳೆಯ ಚಾಳಿ. ಫೋರ್ಸೈತನು ಆ ಅನ್ಯಾಯವನ್ನು ಮಾಡಲಿಲ್ಲ. ಡಾರತಿ ಒಲಿಯಲಿಲ್ಲ, ಅಷ್ಟೆ. ಒಲಿಯಬೇಕೆಂಬ ಋಣವೇನೂ ಅವಳ ಮೇಲಿರಲಿಲ್ಲ. ಹುಡುಗನನ್ನಾದರೂ ಅವನು ಹಾಸ್ಯಕ್ಕೀಡುಮಾಡಿ ಬಿಟ್ಟನೆ? ಅದೂ ಇಲ್ಲ. ಉದ್ಯಾನದಲ್ಲಿ ಗ್ರೆಗರಿಯೂ ಸೂಸನಳೂ ಹುಲ್ಲಿನ ಮೇಲೆ ಅಂಗಾತ ಮಲಗಿ, ಕೈಗಳನ್ನು ಮಾತ್ರ ಆಡಿಸುತ್ತ ನರ್ತಿಸುತ್ತಾರೆ. ಭೂಮಿ ತಿರುಗುತ್ತಿರುವುದರಿಂದ ಬಿದ್ದುಹೋಗುವ ಭಯವಂತೆ!