ಕೇಟಿ ಬಿದ್ದ ಮೇಲೆ

ಥಿಯರಿಯಲ್ಲಿ 75ಕ್ಕೆ 27, ಇಂಟರ್ನಲ್‌ನಲ್ಲಿ 25ಕ್ಕೆ 18. ಕೂಡಿದರೆ 45. ನೂರಕ್ಕೆ 40 ಬಂದರೆ ಪಾಸಲ್ಲವೇ, ಮತ್ತೆ ಕೇಟಿ, ಅಂದರೆ ವಿಷಯ ಬಾಕಿ, ಯಾಕೆ ಬಿತ್ತು ಎಂದು ಮನೆಯವರು ಕೇಳುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ 75:25 ಪದ್ಧತಿಯಲ್ಲಿ ಓದುವವರಿಗೆ ಎರಡೂ ಭಾಗಗಳಲ್ಲಿ ಬೇರೆಬೇರೆಯಾಗಿ ಶೇ. 40 ಬರಬೇಕು: ಥಿಯರಿಯಲ್ಲಿ 30, ಇಂಟರ್ನಲ್‌ನಲ್ಲಿ 10. ಇಲ್ಲಿ ಕಡಿಮೆ ಬಿದ್ದದ್ದು ಮೂರೇ ಅಂಕ. ಇಂಟರ್ನಲ್‌ನ 18 ಹಾಗೇ ಉಳಿಯುತ್ತದೆ, ಮತ್ತೆ ಬರೆಯಬೇಕಾದದ್ದು ಥಿಯರಿ ಮಾತ್ರ. ಹಾಗಾಗಿ ಅಂಕಪಟ್ಟಿ ಕೈಗೆ ಬಂದೊಡನೆ ಒಟ್ಟು ಮೊತ್ತವನ್ನು ಬದಿಗಿಟ್ಟು, ಯಾವ ಭಾಗದಲ್ಲಿ ಎಷ್ಟು ಕಡಿಮೆಯಾಯಿತು ಎಂದು ನೋಡಬೇಕು. ಎಷ್ಟೋ ಮಕ್ಕಳು ಇಷ್ಟನ್ನೂ ನೋಡದೆ ವಾರಗಟ್ಟಲೆ ಮಂಕಾಗಿ ಕೂರುತ್ತಾರೆ.

ಎಟಿಕೆಟಿ ಎಂದರೆ ಕೆಲವು ವಿಷಯ ಉಳಿಸಿಕೊಂಡೂ ಮುಂದಿನ ತರಗತಿಗೆ ಹೋಗುವ ಅನುಮತಿ. ಮೊದಲ ಸೆಮಿಸ್ಟರ್‌ನಿಂದ ಎರಡನೆಯದಕ್ಕೆ ಹೋಗುವಾಗ ಸಾಮಾನ್ಯವಾಗಿ ಅಡ್ಡಿಯಿಲ್ಲ. ವರ್ಷ ದಾಟುವಾಗ ಉಳಿಸಿಕೊಳ್ಳಬಹುದಾದ ವಿಷಯಗಳಿಗೆ ಮಿತಿ ಬರುತ್ತದೆ, ಮೂರನೇ ವರ್ಷದ ಬಾಗಿಲಲ್ಲಿ ಅದು ಇನ್ನೂ ಬಿಗಿಯಾಗುತ್ತದೆ. ಕೇಟಿ ಸಾಲವಿದ್ದಂತೆ, ಚಿಕ್ಕದಿದ್ದಾಗಲೇ ತೀರಿಸಬೇಕು. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರುವುದರಿಂದ, ಗೆಳೆಯರ ಮಾತು ನಂಬಿ ಕೂರದೆ ಕಾಲೇಜಿನ ಪರೀಕ್ಷಾ ವಿಭಾಗದಲ್ಲೇ ಕೇಳಿ. ಕೇಟಿ ಪರೀಕ್ಷೆಯ ಫಾರ್ಮ್ ತುಂಬುವ ಕೊನೆಯ ದಿನವನ್ನೂ ಅಲ್ಲೇ ಬರೆದುಕೊಳ್ಳಿ. ಓದಿಕೊಂಡಿದ್ದೂ ಫಾರ್ಮ್ ತುಂಬದೆ ಆರು ತಿಂಗಳು ಕಳೆದುಕೊಳ್ಳುವುದು ನಿಜಕ್ಕೂ ನೋವಿನ ಸಂಗತಿ.

ಉತ್ತರ ಪತ್ರಿಕೆಯ ಝೆರಾಕ್ಸ್ ತರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ, ಮಾಹಿತಿ ಹಕ್ಕಿನ ಪ್ರಕರಣವೊಂದರಲ್ಲಿ ಹೇಳಿದೆ. ಮೌಲ್ಯಮಾಪನವೂ ಎಡವುತ್ತದೆ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ತರಾತುರಿಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಆರಂಭಿಸಿದಾಗ ಫಲಿತಾಂಶಗಳು ತಿಂಗಳುಗಟ್ಟಲೆ ತಡವಾದವು, ಅಕ್ಟೋಬರ್‌ನಲ್ಲಿ ಕುಲಪತಿ ಸಂಜಯ್ ದೇಶಮುಖ್ ಅವರನ್ನೇ ರಾಜ್ಯಪಾಲರು ವಜಾ ಮಾಡಿದರು. ಝೆರಾಕ್ಸ್ ಬಂದ ಮೇಲೆ ಮೊದಲು ಅಂಕಗಳನ್ನು ನೀವೇ ಕೂಡಿ ನೋಡಿ, ಯಾವುದಾದರೂ ಉತ್ತರಕ್ಕೆ ಅಂಕವೇ ಬಿದ್ದಿಲ್ಲವೇ ಹುಡುಕಿ. ತಪ್ಪು ಕಂಡರೆ ಗಡುವಿನೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ. ಕಾಣದಿದ್ದರೆ ಆ ಹಾಳೆಗಳನ್ನೇ ಹಿಡಿದು ಪಾಠ ಮಾಡಿದ ಪ್ರಾಧ್ಯಾಪಕರ ಬಳಿ ಹೋಗಿ. ಕೊನೆಯ ಪ್ರಶ್ನೆ ಖಾಲಿ ಉಳಿದಿದ್ದರೆ ಕೈಕೊಟ್ಟದ್ದು ಸಮಯ. ಪುಟಗಟ್ಟಲೆ ಬರೆದೂ ಎರಡೇ ಅಂಕ ಸಿಕ್ಕಿದ್ದರೆ ಪ್ರಶ್ನೆ ಕೇಳಿದ್ದೊಂದು, ನೀವು ಬರೆದದ್ದು ಇನ್ನೊಂದು. ಮೊದಲನೆಯದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯುವುದೇ ಮದ್ದು. ಎರಡನೆಯದಕ್ಕೆ ಪಠ್ಯವನ್ನೇ ಮತ್ತೆ ಓದಬೇಕು.

ಸರಾಸರಿ ಹಾಳಾಯಿತೆಂದು ಕೊರಗುವವರು ಒಂದು ಲೆಕ್ಕ ನೋಡಲಿ. ಆರು ಸೆಮಿಸ್ಟರ್‌ಗೂ ಸಮಾನ ಕ್ರೆಡಿಟ್ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಹತ್ತಕ್ಕೆ 4.5 ಗ್ರೇಡ್ ಪಾಯಿಂಟ್ ಬಂದು, ಉಳಿದ ಐದರಲ್ಲೂ 8 ಬಂದರೆ ಒಟ್ಟು 44.5; ಆರರಿಂದ ಭಾಗಿಸಿದರೆ 7.4. ಅದೇ 4.5 ಐದನೇ ಸೆಮಿಸ್ಟರ್‌ವರೆಗೂ ಎಳೆದುಕೊಂಡು ಬಂದರೆ, ಕೊನೆಯದರಲ್ಲಿ ಪೂರ್ತಿ 10 ತೆಗೆದರೂ ಸರಾಸರಿ ಸುಮಾರು 5.4ರಲ್ಲೇ ನಿಲ್ಲುತ್ತದೆ.

ದುಡಿಯುತ್ತ ಓದುವುದು ಮುಂಬಯಿಗೆ ಹೊಸದಲ್ಲ; ಇಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಪದವಿ ಪಡೆದವರ ಒಂದು ಪೀಳಿಗೆಯೇ ಇದೆ. ಡಾ. ಅಂಬೇಡ್ಕರ್ 1946ರಲ್ಲಿ ಕಟ್ಟಿದ ಸಿದ್ಧಾರ್ಥ ಕಾಲೇಜು ದುಡಿಯುವ ಹುಡುಗರಿಗೆಂದೇ ಬೆಳಗಿನ ತರಗತಿ ನಡೆಸಿತು. ಇಂದಿಗೂ ಡೊಂಬಿವಲಿಯಿಂದಲೋ ವಿರಾರ್‌ನಿಂದಲೋ ಲೋಕಲ್‌ನಲ್ಲಿ ನಿಂತೇ ಬಂದು, ಸಂಜೆ ಪಾರ್ಟ್‌ಟೈಮ್ ಕೆಲಸ ಮುಗಿಸಿ ಮನೆ ಸೇರುವ ಮಕ್ಕಳಿಗೆ ಓದಿನ ಹೊತ್ತು ಎಲ್ಲಿ ಉಳಿಯುತ್ತದೆ? ಅವರು ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಲೈಬ್ರರಿಯಲ್ಲೇ ಕೂತು ಆಮೇಲೆ ಹೊರಡುವುದು ವಾಸಿ. ತಂದೆತಾಯಿಗೆ ನನ್ನದೊಂದು ಬಿನ್ನಹ: ‘ಪಕ್ಕದ ಮನೆಯವಳಿಗೆ ಎಷ್ಟು ಬಂತು’ ಎಂಬ ಪ್ರಶ್ನೆ ಬೇಡ. ಬೈಗುಳಕ್ಕೆ ಹೆದರಿದ ಮಗು ಅಂಕಪಟ್ಟಿಯನ್ನು ಬಚ್ಚಿಡುತ್ತದೆ, ಅದರ ಜೊತೆಗೇ ಮರುಮೌಲ್ಯಮಾಪನದ ಗಡುವೂ ದಾಟಿಹೋಗುತ್ತದೆ. ಮಗು ಊಟ ಬಿಟ್ಟು, ನಿದ್ದೆಗೆಟ್ಟು, ಬದುಕೇ ಬೇಡವೆಂಬ ಮಾತಾಡಿದರೆ ಪರೀಕ್ಷೆಯ ವಿಚಾರ ಆಮೇಲೆ. ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿ. ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕರೆಗೆ ದುಡ್ಡಿಲ್ಲ.