ಸವೆದ ನಾಣ್ಯಗಳ ಚರಿತ್ರಕಾರ

ಡಾಕ್ಟರಾಗಲೆಂದು ಕಾಲೇಜಿಗೆ ಕಳುಹಿಸಿದ ಮಗ ಅಲ್ಲಿ ಕಾಲಿಟ್ಟೊಡನೆ ‘ನಾನು ಇತಿಹಾಸ ಓದುತ್ತೇನೆ’ ಎಂದರೆ ಹೆತ್ತವರ ಎದೆ ಝಲ್ಲೆನ್ನದೆ ಇರದು. 1929ರಲ್ಲಿ ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜಿಗೆ ಸೇರಿದ ಫಿಲಿಪ್ ಗ್ರಿಯರ್ಸನ್ ಮಾಡಿದ್ದು ಅದನ್ನೇ. 1910ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಶಾಲೆಯಲ್ಲಿ ವಿಜ್ಞಾನ ಓದಿ, ವೈದ್ಯಕೀಯಕ್ಕೆಂದು ಬಂದವರು ಇತಿಹಾಸಕ್ಕೆ ಹೊರಳಿದರು. ಪರೀಕ್ಷೆಗಳಲ್ಲಿ ಪ್ರಥಮ ದರ್ಜೆ ಗಳಿಸಿದರು. 1935ರಲ್ಲಿ ಅದೇ ಕಾಲೇಜಿನ ಫೆಲೊ ಆದ ಅವರು 2006ರಲ್ಲಿ, 95ರ ವಯಸ್ಸಿನಲ್ಲಿ, ಕೊನೆಯುಸಿರೆಳೆಯುವವರೆಗೂ ಅದರ ನಂಟನ್ನು ಬಿಡಲಿಲ್ಲ. ಅಷ್ಟರಲ್ಲಿ ಯುರೋಪಿನ ಆದಿ ಮಧ್ಯಯುಗದ ನಾಣ್ಯಗಳೆಂದರೆ ಗ್ರಿಯರ್ಸನ್ ಎನ್ನುವಂತಾಗಿತ್ತು.

ಪೆಟ್ಟಿಗೆಯಲ್ಲಿ ಸಿಕ್ಕ ನಾಣ್ಯ

ವಿಶೇಷವೆಂದರೆ, 34 ವರ್ಷ ತುಂಬುವವರೆಗೆ ಅವರಿಗೆ ನಾಣ್ಯಗಳ ಗೊಡವೆಯೇ ಇರಲಿಲ್ಲ. 1944ರ ಕೊನೆಯಲ್ಲಿ ಮನೆಗೆ ಹೋದಾಗ ತಂದೆಯ ಹಳೆಯ ಸಾಮಾನುಗಳ ನಡುವೆ ಒಂದು ನಾಣ್ಯ ಕಣ್ಣಿಗೆ ಬಿತ್ತು. ಅದು 602ರಿಂದ 610ರವರೆಗೆ ಆಳಿದ ಬೈಜಾಂಟಿಯಂ ಸಾಮ್ರಾಟ ಫೋಕಾಸನದು. ಕುತೂಹಲ ಕೆರಳಿತು. ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲು ಇಂಥವು ನಾಲ್ಕಾರು ಇರಲೆಂದು ಲಂಡನ್ನಿನ ನಾಣ್ಯ ವ್ಯಾಪಾರಿಗಳ ಅಂಗಡಿಗೆ ಹೋದರು. ಐದು ಪೌಂಡಿಗಿಂತ ಹೆಚ್ಚು ಖರ್ಚು ಮಾಡಬಾರದೆಂಬುದು ಆಗಿನ ಲೆಕ್ಕ!

ಆ ಲೆಕ್ಕ ನಿಲ್ಲಲಿಲ್ಲ. ಕೊನೆಗೆ ಅವರ ಸಂಗ್ರಹ 20,000 ನಾಣ್ಯಗಳನ್ನು ಮೀರಿತು. ಅವರು ಹಣವಂತ ಹವ್ಯಾಸಿಯಲ್ಲ, ಅವಿವಾಹಿತ ಅಧ್ಯಾಪಕ. ಶ್ರೀಮಂತರು ಥಳಥಳ ಹೊಳೆಯುವ, ಅಂಚು ಮುಕ್ಕಾಗದ ನಾಣ್ಯಗಳಿಗೆ ಹಾತೊರೆದರೆ, ಗ್ರಿಯರ್ಸನ್ ಇತಿಹಾಸಕ್ಕೆ ಉಪಯೋಗವಾಗುವಂಥವನ್ನು ಹುಡುಕಿದರು. ಸವೆದಿದ್ದರೂ ಚಿಂತೆಯಿಲ್ಲ, ಅದು ಏನನ್ನಾದರೂ ಹೇಳುತ್ತಿರಬೇಕು.

ನಾಣ್ಯ ಹೇಳುವುದೇನು?

ಐದರಿಂದ ಹತ್ತನೇ ಶತಮಾನದವರೆಗಿನ ಯುರೋಪಿನ ಬಗ್ಗೆ ಬರಹದ ದಾಖಲೆಗಳು ಕಡಿಮೆ. ಆ ಕಾಲದ ಎಷ್ಟೋ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ವರ್ಷವಂತೂ ಇಲ್ಲ. ಹಾಗಾಗಿ ಸಂಶೋಧಕರು ಬೇರೆ ದಾರಿ ಹಿಡಿಯುತ್ತಾರೆ. ಎರಡು ನಾಣ್ಯಗಳು ಒಂದೇ ಅಚ್ಚಿನಿಂದ ಬಿದ್ದಿದ್ದರೆ ಅವು ಸಾಮಾನ್ಯವಾಗಿ ಒಂದೇ ಟಂಕಸಾಲೆಯವು, ಹೆಚ್ಚು ಕಡಿಮೆ ಒಂದೇ ಕಾಲದವು. ಚಿನ್ನದ ನಾಣ್ಯವನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿದರೆ ಅದರಲ್ಲಿ ಎಷ್ಟು ಬೆರಕೆಯಿದೆ ಎಂಬುದು ಅಂದಾಜಾಗುತ್ತದೆ. ಒಟ್ಟಾಗಿ ಹುಗಿದಿಟ್ಟ ನಾಣ್ಯಗಳಲ್ಲಿ ತೀರಾ ಈಚಿನದು ಯಾವುದೋ, ಅದಕ್ಕಿಂತ ಮೊದಲು ಆ ನಿಧಿಯನ್ನು ಹುಗಿದಿರಲು ಸಾಧ್ಯವಿಲ್ಲ.

1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ದಿಬ್ಬದಡಿ ಹಡಗಿನೊಂದಿಗೆ ಮಾಡಿದ ಸಮಾಧಿಯೊಂದು ಪತ್ತೆಯಾಯಿತು. ಅದರ ಹಣದ ಚೀಲದಲ್ಲಿ 37 ಚಿನ್ನದ ನಾಣ್ಯಗಳು, ಮುದ್ರೆಯಿಲ್ಲದ 3 ಬಿಲ್ಲೆಗಳು ಮತ್ತು 2 ಪುಟ್ಟ ಚಿನ್ನದ ಗಟ್ಟಿಗಳಿದ್ದವು. ಆ 37 ನಾಣ್ಯಗಳಲ್ಲಿ ಒಂದೊಂದೂ ಬೇರೆ ಬೇರೆ ಟಂಕಸಾಲೆಯದು. ಬಿಲ್ಲೆಗಳನ್ನು ಸೇರಿಸಿ 40ರ ಲೆಕ್ಕವನ್ನೇಕೆ ತುಂಬಿಸಿದರು? ಪರಲೋಕಕ್ಕೆ ಹಡಗು ನಡೆಸುವ 40 ಹುಟ್ಟುಗಾರರ ಕೂಲಿ ಅದು, ಗಟ್ಟಿಗಳು ಚುಕ್ಕಾಣಿ ಹಿಡಿಯುವವನ ಪಾಲು ಎಂದು ಗ್ರಿಯರ್ಸನ್ 1970ರಲ್ಲಿ ಬರೆದರು. ಇದು ಊಹೆಯೇ ಸರಿ, ಆದರೆ ಎಣಿಕೆಯನ್ನು ಆಧರಿಸಿದ ಊಹೆ.

ಇದೇ ನಾಣ್ಯಗಳ ಕಾಲನಿರ್ಣಯದಲ್ಲಿ ಅವರು ಎಡವಿದ್ದೂ ಉಂಟು. 1950ರ ದಶಕದಲ್ಲಿ ಅವರು ಇವುಗಳನ್ನು ಏಳನೇ ಶತಮಾನದ ಮಧ್ಯಭಾಗಕ್ಕೆ ಸೇರಿಸಿದ್ದರು. ಮುಂದೆ ಚಿನ್ನದ ಬೆರಕೆಯನ್ನು ಅಳೆದು ನೋಡಿದ ಇತರ ವಿದ್ವಾಂಸರು ಆ ಕಾಲವನ್ನು ಕೆಲವು ದಶಕ ಹಿಂದಕ್ಕೆ ಸರಿಸಿದರು. ಈ ವಿದ್ಯೆಯಲ್ಲಿ ದೊಡ್ಡ ಹೆಸರಿಗಿಂತ ತಕ್ಕಡಿಯ ಮಾತಿಗೇ ಹೆಚ್ಚು ಬೆಲೆ.

ವ್ಯಾಪಾರವೋ, ಕಪ್ಪವೋ?

1959ರ ಪ್ರಬಂಧವೊಂದರಲ್ಲಿ ಅವರು ಎತ್ತಿದ ಪ್ರಶ್ನೆ ಇತಿಹಾಸಕಾರರನ್ನೇ ಯೋಚನೆಗೆ ಹಚ್ಚಿತು. ಒಂದು ನಾಡಿನ ನಾಣ್ಯ ಇನ್ನೊಂದು ನಾಡಿನಲ್ಲಿ ಸಿಕ್ಕಿದೊಡನೆ ಅಲ್ಲಿಗೆ ವ್ಯಾಪಾರವಿತ್ತು ಎಂದುಬಿಡಬಹುದೆ? ಅದು ಕೊಳ್ಳೆಯಾಗಿರಬಹುದು, ಕಪ್ಪಕಾಣಿಕೆಯಾಗಿರಬಹುದು, ಸೆರೆ ಬಿಡಿಸಲು ಕೊಟ್ಟ ಹಣ, ದಂಡ ಅಥವಾ ಉಡುಗೊರೆಯೂ ಆಗಿರಬಹುದು. ಗದ್ಯಾಣ, ಪಣಗಳ ದಾನ–ದಂಡಗಳನ್ನು ನಮೂದಿಸುವ ಕನ್ನಡ ಶಾಸನಗಳನ್ನು ಓದುವವರಿಗೂ ಈ ಎಚ್ಚರ ಬೇಕಾದದ್ದೇ.

ಗ್ರಿಯರ್ಸನ್ 1948ರಿಂದ 1981ರವರೆಗೆ ಬ್ರಸೆಲ್ಸ್‌ನಲ್ಲಿಯೂ ನಾಣ್ಯಶಾಸ್ತ್ರ ಕಲಿಸಿದರು. 1955ರಿಂದ ದಶಕಗಳ ಕಾಲ ವಾಷಿಂಗ್ಟನ್ನಿನ ಡಂಬರ್ಟನ್ ಓಕ್ಸ್ ಸಂಸ್ಥೆಯ ಬೈಜಾಂಟಿಯಂ ನಾಣ್ಯಗಳನ್ನು ಬೆಳೆಸಿ ಪಟ್ಟಿ ಮಾಡಿದರು. ಕೇಂಬ್ರಿಜ್‌ನಲ್ಲಿ ನಾಣ್ಯಶಾಸ್ತ್ರದ ಪ್ರಾಧ್ಯಾಪಕರಾದದ್ದು 1971ರಲ್ಲಿ, ಅರವತ್ತು ದಾಟಿದ ಮೇಲೆ. ಮಾರ್ಕ್ ಬ್ಲ್ಯಾಕ್‌ಬರ್ನ್ ಜೊತೆಗೂಡಿ ಮಧ್ಯಯುಗದ ಯುರೋಪಿನ ನಾಣ್ಯಮಾಲೆಯ ಮೊದಲ ಸಂಪುಟವನ್ನು ಹೊರತಂದದ್ದು 1986ರಲ್ಲಿ, ಎಪ್ಪತ್ತೈದು ತುಂಬಿದ ಮೇಲೆ!

ಈ ದಾರಿ ಯಾರಿಗೆ?

ಹೆತ್ತವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತೊಂದಿದೆ. ವಸ್ತುಸಂಗ್ರಹಾಲಯ, ಪುರಾತತ್ವ ಇಲಾಖೆ ಮತ್ತು ವಿಶ್ವವಿದ್ಯಾಲಯಗಳಲ್ಲಿ ನಾಣ್ಯತಜ್ಞರಿಗೆಂದೇ ಇರುವ ಹುದ್ದೆಗಳು ಬೆರಳೆಣಿಕೆಯಷ್ಟು. ಗ್ರಿಯರ್ಸನ್ನರ ಅನ್ನಕ್ಕೆ ಮೊದಲು ಆಧಾರವಾದದ್ದೂ ನಾಣ್ಯವಲ್ಲ, ಇತಿಹಾಸದ ಪಾಠ. ಹೀಗಾಗಿ ಇತಿಹಾಸದಲ್ಲಿ ಗಟ್ಟಿಯಾಗಿ ಕಾಲೂರಿ, ಆಮೇಲೆ ಈ ಕವಲಿಗೆ ಬರುವುದು ಜಾಣತನ. ಯುರೋಪಿನ ನಾಣ್ಯಗಳಿಗೆ ಲ್ಯಾಟಿನ್, ಗ್ರೀಕ್ ಬೇಕಾದಂತೆ ಇಲ್ಲಿನವಕ್ಕೆ ಸಂಸ್ಕೃತ, ಹಳಗನ್ನಡ ಮತ್ತು ಹಳೆಯ ಲಿಪಿಗಳ ಪರಿಚಯ ಬೇಕು. ವಿಜ್ಞಾನ ಓದಿ ಬಂದ ವಿದ್ಯಾರ್ಥಿಗೆ ಲೋಹ, ತೂಕ, ಲೆಕ್ಕಗಳು ಹೊರೆಯಲ್ಲ, ಬಂಡವಾಳ. ಮೈಸೂರಿನ ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಪ್ರಕಟಿಸಿದ, ಕರ್ನಾಟಕದ ನಾಣ್ಯಗಳನ್ನು ಕುರಿತ ಇಂಗ್ಲಿಷ್ ಗ್ರಂಥದಿಂದ ಆಸಕ್ತರು ಓದನ್ನು ಆರಂಭಿಸಬಹುದು.

ಗ್ರಿಯರ್ಸನ್ ತಮ್ಮ ಸಂಗ್ರಹವನ್ನು ಮಾರಲಿಲ್ಲ. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಮ್ ವಸ್ತುಸಂಗ್ರಹಾಲಯಕ್ಕೆ ಉಯಿಲು ಬರೆದಿಟ್ಟರು. ವಿದ್ಯಾರ್ಥಿಗಳಿಗೆ ತೋರಿಸಲೆಂದು ಕೊಳ್ಳಲು ಹೊರಟ ನಾಣ್ಯಗಳು ಕೊನೆಗೆ ವಿದ್ಯಾರ್ಥಿಗಳ ಪಾಲಿಗೇ ಉಳಿದವು.